ಪ್ರತಿಕಾಯ ಕಡಿಮೆ ಎಂದ ಮಾತ್ರಕ್ಕೆ ಶಕ್ತಿ ಕಡಿಮೆ ಅಲ್ಲ

ಆತ್ಮೀಯರೇ,

ನೀವು ಕಳಿಸಿದ ‘ಗಂಡಸರನ್ನು ಸೋಲಿಸುವ ವೈರಸ್’ ಲೇಖನವನ್ನು ಎರಡು ಸಲ ಓದಿದೆವು. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ ಬಗ್ಗೆ ಬರುವ ಹೆಚ್ಚಿನ ಬರಹಗಳು ಗರ್ಭಕಂಠದ ಕ್ಯಾನ್ಸರ್‌ಗೆ ಬಂದು ನಿಂತುಬಿಡುತ್ತವೆ. ನೀವು ಗಂಡಸರ ಕಡೆಗೂ ನೋಡಿದ್ದೀರಿ. ಇಂಥದ್ದೊಂದು ಲೇಖನ ನಮಗೆ ಬೇಕೇ ಬೇಕು. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಬುಡದಲ್ಲೇ ಒಂದು ತಪ್ಪಿದೆ, ಅದೂ ಓದಿದವರು ಮಗನಿಗೆ ಲಸಿಕೆ ಹಾಕಿಸುವುದನ್ನೇ ಬಿಟ್ಟುಬಿಡುವಂಥ ತಪ್ಪು.

ನಿಮ್ಮ ಎರಡನೇ ಪ್ಯಾರಾದ ವಾಕ್ಯ ಇದು: ‘ಸೋಂಕು ತಗುಲಿದ ಮೇಲೂ ಎಷ್ಟೋ ಗಂಡಸರ ರಕ್ತದಲ್ಲಿ ಪ್ರತಿಕಾಯ ಕಾಣುವುದಿಲ್ಲ, ಹಾಗಾಗಿ ಅವರ ರೋಗನಿರೋಧಕ ಶಕ್ತಿ ದುರ್ಬಲ, ಲಸಿಕೆಯೂ ಅವರಿಗೆ ಅಷ್ಟಾಗಿ ಹತ್ತುವುದಿಲ್ಲ.’ ಪ್ರತಿಕಾಯ ಎಂದರೆ ವೈರಸ್ಸನ್ನು ಗುರುತಿಸಿ ತಡೆಯಲು ದೇಹ ತಯಾರಿಸುವ ಪ್ರೋಟೀನ್. ವಾಕ್ಯದ ಮೊದಲ ಭಾಗ ಸರಿ. ಅಮೆರಿಕದ 2003-04ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಈ ವೈರಸ್ಸಿನ 6, 11, 16, 18 ಎಂಬ ನಾಲ್ಕು ಬಗೆಗಳಲ್ಲಿ ಒಂದಕ್ಕಾದರೂ ಪ್ರತಿಕಾಯ ಸಿಕ್ಕಿದ್ದು ಹೆಂಗಸರಲ್ಲಿ ಶೇ 32.5, ಗಂಡಸರಲ್ಲಿ ಶೇ 12.2. ಅಲ್ಲಿ ಲಸಿಕೆಗೆ ಅನುಮತಿ ಸಿಕ್ಕಿದ್ದು 2006ರಲ್ಲಿ, ಆದ್ದರಿಂದ ಇದು ಸಹಜ ಸೋಂಕಿನ ಗುರುತೇ. ‘ಬಹಳ ಕಡಿಮೆ’ ಎಂದು ಬರೆದ ಕಡೆ ಈ ಅಂಕಿಗಳನ್ನು ಹಾಕಿ. ‘ಹಾಗಾಗಿ’ ಎಂಬಲ್ಲಿಂದ ಮುಂದಿನದ್ದನ್ನು ತೆಗೆಯಿರಿ.

ಪ್ರತಿಕಾಯ ಯಾಕೆ ಹುಟ್ಟಲಿಲ್ಲ ಎಂಬುದನ್ನು ನೀವು ಕೇಳಿಕೊಂಡೇ ಇಲ್ಲ. ಲೇಖನದ ಜೀವ ಇರುವುದು ಅಲ್ಲಿ. ಈ ವೈರಸ್ ಸಣ್ಣ ಗೀರಿನ ಮೂಲಕ ಚರ್ಮದ ತಳದ ಕೋಶಕ್ಕೆ ಸೇರುತ್ತದೆ. ಹೊಸ ವೈರಸ್ ಕಣಗಳು ಸಿದ್ಧವಾಗುವುದು ಮಾತ್ರ ಮೇಲಿನ, ಹೇಗೂ ಉದುರಿಹೋಗುವ ಪದರದಲ್ಲಿ. ಅದು ಕೋಶವನ್ನು ಒಡೆಯುವುದಿಲ್ಲ, ರಕ್ತಕ್ಕೆ ಇಳಿಯುವುದಿಲ್ಲ, ಉರಿಯೂತ ಎಬ್ಬಿಸುವುದಿಲ್ಲ. ಹೀಗಾಗಿ ಕಾವಲು ಕೋಶಗಳ ಕಣ್ಣಿಗೆ ಬೀಳುವುದೇ ಅಪರೂಪ. ಶಿಶ್ನದ ಬಹುಭಾಗ ಗಟ್ಟಿ ಹೊರಪದರದ ಚರ್ಮ. ಗರ್ಭಕಂಠ, ಯೋನಿಗಳದ್ದು ತೇವದ ಲೋಳೆಪೊರೆ. ಲೋಳೆಪೊರೆಗೆ ತಗುಲಿದ ಸೋಂಕು ದೇಹಕ್ಕೆ ಬೇಗ ಗೊತ್ತಾಗುತ್ತದೆ. ಗಂಡಸರಲ್ಲೇ ನೋಡಿ: ಶಿಶ್ನದ ಸೋಂಕಿಗಿಂತ ಲೋಳೆಪೊರೆಯಿರುವ ಗುದನಾಳದ ಸೋಂಕಿನ ನಂತರ ಪ್ರತಿಕಾಯ ಕಾಣಿಸಿಕೊಳ್ಳುವುದು ಹೆಚ್ಚು. ವ್ಯಕ್ತಿ ಗಂಡೇ, ಬದಲಾದದ್ದು ಜಾಗ. ಹಾರ್ಮೋನ್ ಬಗ್ಗೆ ನೀವು ಬರೆದ ಒಂದಿಡೀ ಪುಟ ಈ ಒಂದು ಸಂಗತಿಯ ಮುಂದೆ ನಿಲ್ಲುವುದಿಲ್ಲ. ಅದನ್ನು ಎರಡು ವಾಕ್ಯಕ್ಕೆ ಇಳಿಸಿ.

‘ದುರ್ಬಲ’ ಎಂಬ ಪದವೂ ಸಲ್ಲದು. ಒಳಗೆ ಸೇರಿದ ಸೋಂಕನ್ನು ತೆರವು ಮಾಡುವುದು ಮುಖ್ಯವಾಗಿ ಟಿ ಕೋಶಗಳು, ಅಂದರೆ ಸೋಂಕು ತಗುಲಿದ ಕೋಶಗಳನ್ನು ಹುಡುಕಿ ಕೊಲ್ಲುವ ಬಿಳಿ ರಕ್ತಕಣಗಳು. ಪ್ರತಿಕಾಯದ ಕೆಲಸ ಹೊಸ ಸೋಂಕನ್ನು ಬಾಗಿಲಲ್ಲೇ ತಡೆಯುವುದು. ಅಮೆರಿಕ, ಬ್ರೆಜಿಲ್, ಮೆಕ್ಸಿಕೋಗಳ ಗಂಡಸರನ್ನು ಹಿಂಬಾಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೋಂಕಿನ ಅವಧಿಯ ಮಧ್ಯಾಂಕ ಸುಮಾರು 7.5 ತಿಂಗಳು, 16ನೇ ಬಗೆಗೆ ಸುಮಾರು 12 ತಿಂಗಳು. (ನೀವು ‘ಸರಾಸರಿ’ ಎಂದಿದ್ದೀರಿ. ಮಧ್ಯಾಂಕ ಎಂದರೆ ಅರ್ಧದಷ್ಟು ಸೋಂಕುಗಳು ಅಷ್ಟರೊಳಗೆ ಹೋದವು ಎಂದು.) ಪ್ರತಿಕಾಯ ಇಲ್ಲದೆಯೂ ಅವರ ದೇಹ ಸೋಂಕನ್ನು ಕಳೆದುಕೊಂಡಿದೆ. ಕೊರತೆ ಕಾಣುವುದು ಮರುಸೋಂಕಿನಲ್ಲಿ: ಹೆಂಗಸರಲ್ಲಿ ಸೋಂಕು ಹರೆಯದಲ್ಲಿ ಏರಿ ಆಮೇಲೆ ಇಳಿಯುತ್ತದೆ, ಗಂಡಸರಲ್ಲಿ ವಯಸ್ಸಾದರೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ಉಳಿಯುತ್ತದೆ.

ಇನ್ನು ಲಸಿಕೆ. ಅದರಲ್ಲಿ ವೈರಸ್ ಇಲ್ಲ, ವೈರಸ್ಸಿನ ಹೊರಕವಚದ ಎಲ್1 ಎಂಬ ಪ್ರೋಟೀನಿನಿಂದ ಕಟ್ಟಿದ ಖಾಲಿ ಕವಚ ಮಾತ್ರ. 0.5 ಮಿ.ಲೀ. ಸ್ನಾಯುವಿಗೆ ಚುಚ್ಚಿದರೆ ಅದು ಚರ್ಮದ ಮರೆಯನ್ನೆಲ್ಲ ದಾಟಿ, ಕಾವಲು ಕೋಶಗಳು ನೆರೆದಿರುವ ದುಗ್ಧಗ್ರಂಥಿಗಳಿಗೆ ತಲುಪುತ್ತದೆ. ಅದಕ್ಕೇ 9ರಿಂದ 15 ವರ್ಷದ ಹುಡುಗರಲ್ಲಿ ಹುಟ್ಟುವ ಪ್ರತಿಕಾಯ 16ರಿಂದ 26ರ ಹೆಂಗಸರಿಗಿಂತ ಕಡಿಮೆಯಲ್ಲ, ಹೆಚ್ಚೇ. ತಪ್ಪು ಗಂಡಿನ ದೇಹದ್ದಾಗಿದ್ದರೆ ಇಲ್ಲೂ ಕಾಣಬೇಕಿತ್ತು.

ಲಸಿಕೆ ಗಂಡಸರಿಗೆ ಅಷ್ಟಾಗಿ ಹತ್ತುವುದಿಲ್ಲ ಎಂಬುದಕ್ಕೆ ನೀವು ಪುರಾವೆಯಾಗಿ ಕೊಟ್ಟ ಶೇ 65.5 ಸುಳ್ಳಲ್ಲ, ಅರ್ಧ ಸತ್ಯ. ಸುಮಾರು 4,000 ಗಂಡಸರ ಆ ಪ್ರಯೋಗದಲ್ಲಿ, ಆಗಲೇ ಸೋಂಕಿದ್ದವರನ್ನೂ ಡೋಸ್ ತಪ್ಪಿಸಿದವರನ್ನೂ ಸೇರಿಸಿ ಲೆಕ್ಕ ಹಾಕಿದಾಗ, ಲಸಿಕೆಯಲ್ಲಿರುವ ನಾಲ್ಕು ಬಗೆಗಳಿಂದ ಬರುವ ಜನನಾಂಗದ ಹೊರಭಾಗದ ಗಾಯ, ನರಹುಲಿಗಳ ವಿರುದ್ಧ ಸಿಕ್ಕ ಫಲ ಅದು. ಆ ಬಗೆಗಳ ಸೋಂಕು ಇಲ್ಲದೆ ಮೂರೂ ಡೋಸ್ ಪಡೆದವರಲ್ಲಿ ಶೇ 90.4. ಲಸಿಕೆ ತಡೆಯುತ್ತದೆ, ಇರುವ ಸೋಂಕನ್ನು ವಾಸಿ ಮಾಡುವುದಿಲ್ಲ. ಎರಡು ಅಂಕಿಗಳ ನಡುವಿನ ಅಂತರಕ್ಕೆ ಮುಖ್ಯ ಕಾರಣ ಅದೇ. ಎರಡನ್ನೂ ಅಕ್ಕಪಕ್ಕ ಕೊಡಿ.

ನಿಮ್ಮ ಕೋಷ್ಟಕ ಬೇಡ. ಎರಡು ಬೇರೆ ಪರೀಕ್ಷಾ ವಿಧಾನಗಳ ಪ್ರತಿಕಾಯದ ಪ್ರಮಾಣವನ್ನು ಒಂದೇ ಸಾಲಿನಲ್ಲಿ ಹೋಲಿಸಿದ್ದೀರಿ. ಅವುಗಳ ಅಳತೆಗೋಲೇ ಬೇರೆ. ಇಷ್ಟು ಪ್ರತಿಕಾಯವಿದ್ದರೆ ರಕ್ಷಣೆ ಖಚಿತ ಎಂಬ ಒಪ್ಪಿತ ಗಡಿಯೂ ಇಲ್ಲ, ಆದ್ದರಿಂದ ‘ಸುರಕ್ಷಿತ ಮಟ್ಟ’ ಎಂಬ ಕಾಲಂ ಹೋಗಲೇಬೇಕು.

ಶೀರ್ಷಿಕೆ ಬದಲಿಸಿ. ಬಾಯಿಯ ಸೋಂಕಿನ ಬಗ್ಗೆ ಕೊನೆಯಲ್ಲಿ ಬರೆದದ್ದನ್ನು ಮೊದಲ ಪ್ಯಾರಾಗೆ ತನ್ನಿ: ಅಮೆರಿಕದ 2009-10ರ ಸಮೀಕ್ಷೆಯಲ್ಲಿ ಬಾಯಲ್ಲಿ ಎಚ್‌ಪಿವಿ ಇದ್ದ ಗಂಡಸರು ಶೇ 10.1, ಹೆಂಗಸರು ಶೇ 3.6. ಗಂಟಲಿನ ಕ್ಯಾನ್ಸರ್‌ಗೆ ದಾರಿ ಮಾಡುವ ಸೋಂಕು ಇದು. ಗಂಡಸರು ಈ ಲೇಖನವನ್ನು ಯಾಕೆ ಓದಬೇಕು ಎಂಬುದು ಅಲ್ಲೇ ಗೊತ್ತಾಗಲಿ. ತಿದ್ದಿದ ಪ್ರತಿಗಾಗಿ ಕಾಯುತ್ತೇವೆ.

— ಸಂಪಾದಕರು