ಆರು ಯೋಜನೆಗಳಲ್ಲಿ ಐದನ್ನು ಬಿಡಿ: ವಿಜ್ಞಾನ ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ಪ್ರಿಯ ಲೇಖಕರೆ,

ಭುವನೇಶ್ವರದ ಖನಿಜ ಮತ್ತು ಪದಾರ್ಥ ತಂತ್ರಜ್ಞಾನ ಸಂಸ್ಥೆಯ (ಐಎಂಎಂಟಿ) ವಾರ್ಷಿಕ ವರದಿಯನ್ನು ಇಟ್ಟುಕೊಂಡು ನೀವು ಬರೆದ ‘ಮುನ್ನಡೆಯ ಒಂದು ವರ್ಷ’ ಲೇಖನವನ್ನು ಪೂರ್ತಿ ಓದಿದ್ದೇವೆ. ಈಗಿನ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಕೈಬಿಡಬೇಡಿ. ಗಣಿಗಾರಿಕೆ ಎಂದರೆ ಕನ್ನಡದಲ್ಲಿ ಹಗರಣದ ಬಗ್ಗೆ ಬರೆಯುವವರಿದ್ದಾರೆ, ಕಾಡು ಹೋದದ್ದರ ಬಗ್ಗೆ ಬರೆಯುವವರಿದ್ದಾರೆ. ಅಗೆದು ತೆಗೆದ ಅದಿರು ಆಮೇಲೆ ಏನಾಗುತ್ತದೆ ಎಂದು ವಿವರಿಸುವವರು ತೀರಾ ಕಡಿಮೆ. ನೀವು ಆ ದಾರಿ ಹಿಡಿದಿದ್ದೀರಿ. ಈ ಉತ್ತರ ಇಷ್ಟು ಉದ್ದವಾಗಿರುವುದು ಅದಕ್ಕೇ.

ಲೇಖನದ ಮೊದಲರ್ಧದಲ್ಲಿರುವುದು ಪ್ರಬಂಧಗಳ ಸಂಖ್ಯೆ, ಪೇಟೆಂಟ್‌ಗಳು, ಒಡಂಬಡಿಕೆಗಳು, ಬಂದುಹೋದ ಗಣ್ಯರು. ಉಳಿದರ್ಧದಲ್ಲಿ ಆರು ಯೋಜನೆಗಳಿಗೆ ಒಂದೊಂದು ಪ್ಯಾರಾ. ವಾರ್ಷಿಕ ವರದಿ ಎಂಬುದು ಸಂಸ್ಥೆ ತನ್ನ ಬಗ್ಗೆ ತಾನೇ ಒಪ್ಪಿಸುವ ಲೆಕ್ಕ. ಅದನ್ನು ಸಂಕ್ಷೇಪಿಸಿದರೆ ಲೇಖನವಾಗುವುದಿಲ್ಲ. ಐದು ಯೋಜನೆ ತೆಗೆದುಹಾಕಿ. ಕಬ್ಬಿಣದ ಅದಿರಿನ ಸ್ಲೈಮ್ ಒಂದನ್ನೇ ಉಳಿಸಿಕೊಳ್ಳಿ. ಅದಿರು ತೊಳೆಯುವಾಗ ನೀರಿನ ಜೊತೆ ಹರಿದುಹೋಗುವ ನುಣ್ಣನೆಯ ಕೆಸರು ಅದು. ಸಂಡೂರು, ದೋಣಿಮಲೆ ಕಡೆಯ ಓದುಗರಿಗೆ ಸ್ಲೈಮ್ ಹೊಂಡದ ಕಲ್ಪನೆ ಇದ್ದೇ ಇದೆ.

ನಿಮ್ಮ ವಾಕ್ಯ ಹೀಗಿದೆ: ‘ಕೆಳದರ್ಜೆಯ ಅದಿರನ್ನು ಉಕ್ಕಿನ ಕಾರ್ಖಾನೆಗೆ ಯೋಗ್ಯವಾಗಿಸುವ ತಂತ್ರಜ್ಞಾನವನ್ನು ಅಭಿವೃದ್ಧಿಪಡಿಸಲಾಗಿದೆ.’ ಇಲ್ಲಿ ಏನು ಒಳಹೋಯಿತು, ಏನು ಹೊರಬಂತು, ಎಷ್ಟು ವ್ಯರ್ಥವಾಯಿತು, ಒಂದೂ ಗೊತ್ತಾಗುವುದಿಲ್ಲ. ಲೆಕ್ಕ ತೋರಿಸಲು ನಾವೇ ಆರಿಸಿದ ಅಂಕಿಗಳನ್ನು ನೋಡಿ. ಒಳಹೋದ ಸ್ಲೈಮ್‌ನಲ್ಲಿ ಕಬ್ಬಿಣ ಶೇ 56, ಸಿಕ್ಕ ಸಾಂದ್ರದಲ್ಲಿ (ಶುದ್ಧಗೊಳಿಸಿ ತೆಗೆದ ಅದಿರಿನಲ್ಲಿ) ಶೇ 63, ಉಳಿದ ಕಸ ಅಂದರೆ ಟೇಲಿಂಗ್ಸ್‌ನಲ್ಲಿ ಶೇ 46. 56ರಿಂದ 46 ಕಳೆದರೆ 10, 63ರಿಂದ 46 ಕಳೆದರೆ 17. ಹತ್ತನ್ನು ಹದಿನೇಳರಿಂದ ಭಾಗಿಸಿದರೆ ಸುಮಾರು 0.59, ಒಟ್ಟು ತೂಕದಲ್ಲಿ ಸಾಂದ್ರದ ಪಾಲು ಇದೇ. ಅಂದರೆ 1 ಟನ್ ಒಣ ಸ್ಲೈಮ್‌ನಿಂದ 590 ಕೆ.ಜಿ. ಸಾಂದ್ರ ಬರುತ್ತದೆ, 410 ಕೆ.ಜಿ. ಮತ್ತೆ ಹೊಂಡಕ್ಕೆ. ಒಳಗಿದ್ದ 560 ಕೆ.ಜಿ. ಕಬ್ಬಿಣದಲ್ಲಿ ಕೈಗೆ ಬಂದದ್ದು 370 ಕೆ.ಜಿ., ಶೇ 66. ಇನ್ನೊಂದು ಮಾತು: ಹೆಮಟೈಟ್ (ಕಬ್ಬಿಣದ ಒಂದು ಆಕ್ಸೈಡ್) ಅದಿರಿನಲ್ಲಿ ಇರಬೇಕಾದ ಕಬ್ಬಿಣಕ್ಕೆ ಭಾರತೀಯ ಗಣಿ ಬ್ಯೂರೊ 2018ರಲ್ಲಿ ನಿಗದಿಪಡಿಸಿದ್ದ ಕನಿಷ್ಠ ಮಿತಿ ಶೇ 45. ಈ ಉದಾಹರಣೆಯಲ್ಲಿ ಕಸವೆಂದು ಬಿಟ್ಟದ್ದೂ ಆ ಮಿತಿಗಿಂತ ಮೇಲಿದೆ! ‘ಶೇ 63ಕ್ಕೆ ಏರಿಸಿದರು’ ಎಂದಷ್ಟೇ ಬರೆದರೆ ಇದೆಲ್ಲ ಮುಚ್ಚಿಹೋಗುತ್ತದೆ. ದರ್ಜೆಯ (ಕಬ್ಬಿಣದ ಶೇಕಡಾವಾರು) ಪಕ್ಕದಲ್ಲಿ ಇಳುವರಿಯೂ (ಒಳಗಿದ್ದ ಕಬ್ಬಿಣದಲ್ಲಿ ಕೈಗೆ ಬಂದ ಪಾಲು) ಇರಲೇಬೇಕು.

ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಎಂಬ ಹೆಸರು ನಿಮ್ಮ ಲೇಖನದಲ್ಲಿ ಒಮ್ಮೆಯೂ ಬಂದಿಲ್ಲ. ನಮ್ಮ ದೇಶದ ಸ್ಲೈಮ್‌ನ ಮುಖ್ಯ ತಲೆನೋವೇ ಅದು. ಊದುಕುಲುಮೆಯಲ್ಲಿ ಅಲ್ಯೂಮಿನಾ ಹೆಚ್ಚಾದರೆ ಕಿಟ್ಟ (ಕರಗಿದ ಕಲ್ಮಷ) ಅಂಟಂಟಾಗಿ ಸರಾಗವಾಗಿ ಹರಿಯುವುದಿಲ್ಲ, ಇಂಧನವಾದ ಕೋಕ್ ಹೆಚ್ಚು ಬೇಕಾಗುತ್ತದೆ. ಅದು ಕಯೊಲಿನೈಟ್ ಜೇಡಿಯಾಗಿ, ಗಿಬ್‌ಸೈಟ್ ಎಂಬ ಖನಿಜವಾಗಿ ಬೇರೆ ಕಣಗಳಲ್ಲಿದ್ದರೆ ತೆಗೆಯಬಹುದು. ಕಬ್ಬಿಣದ ಇನ್ನೊಂದು ಖನಿಜವಾದ ಗೋಥೈಟ್‌ನ ಹರಳಿನೊಳಗೇ ಕಬ್ಬಿಣದ ಜಾಗದಲ್ಲಿ ಕೂತಿದ್ದರೆ ಎಷ್ಟು ಅರೆದರೂ, ತೊಳೆದರೂ ಬಿಡುವುದಿಲ್ಲ. ಕಣದ ಗಾತ್ರವೂ ಅಡ್ಡಿ. ಸುಮಾರು 10 ಮೈಕ್ರಾನ್‌ಗಿಂತ ಸಣ್ಣ ಕಣವನ್ನು ನೀರು ತನ್ನ ಜೊತೆ ಎಳೆದೊಯ್ಯುತ್ತದೆ. ಕೆಸರನ್ನು ಸುತ್ತಿಸಿ ಭಾರದ ಕಣ ಬೇರ್ಪಡಿಸುವ ಸೈಕ್ಲೋನ್‌ನಲ್ಲಿ ಅದು ತಳಕ್ಕೆ ಇಳಿಯುವುದಿಲ್ಲ, ಗಾಳಿಗುಳ್ಳೆಗೆ ಕಣ ಅಂಟಿಸಿ ಮೇಲೆತ್ತುವ ಫ್ಲೋಟೇಷನ್‌ನಲ್ಲಿ ಗುಳ್ಳೆಗೆ ತಾಗುವುದೇ ಅಪರೂಪ.

‘ಆಧುನಿಕ ಉಷ್ಣ ವಿಧಾನ’ ಎಂದು ನೀವು ಮುಗಿಸಿದ್ದು ಅಪಕರ್ಷಣ ಹುರಿತವನ್ನು, ಅಂದರೆ ಅದಿರನ್ನು ಹುರಿದು ಅದರ ಆಮ್ಲಜನಕದಲ್ಲಿ ಸ್ವಲ್ಪ ಭಾಗ ತೆಗೆಯುವುದನ್ನು. ಲೇಖನದ ಜೀವಾಳ ಅಲ್ಲಿದೆ. ಕುದುರೆಮುಖದ ಅದಿರು ಮ್ಯಾಗ್ನೆಟೈಟ್ (ಕಬ್ಬಿಣದ ಇನ್ನೊಂದು ಆಕ್ಸೈಡ್) ಆದ್ದರಿಂದ ಸಾಧಾರಣ ಆಯಸ್ಕಾಂತಕ್ಕೇ ಹಿಡಿಯುತ್ತಿತ್ತು. 2005ರ ಕೊನೆಗೆ ಗಣಿ ನಿಲ್ಲುವವರೆಗೂ ಅದರ ಸಾಂದ್ರ 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಹರಿಯಿತು. ಬಳ್ಳಾರಿ ಭಾಗದ ಹೆಮಟೈಟ್ ಹಾಗೆ ಹಿಡಿಯುವುದಿಲ್ಲ. 10,000 ಗಾಸ್‌ನಷ್ಟು (ಗಾಸ್ ಎಂದರೆ ಕಾಂತಕ್ಷೇತ್ರದ ಬಲದ ಅಳತೆ) ಪ್ರಬಲ ಕ್ಷೇತ್ರ ಬೇಕು. ಹೆಮಟೈಟ್ ಅನ್ನು ಕಲ್ಲಿದ್ದಲು ಅಥವಾ ಅಪಕರ್ಷಕ ಅನಿಲದ ಜೊತೆ 550 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹುರಿದರೆ ಮ್ಯಾಗ್ನೆಟೈಟ್ ಆಗುತ್ತದೆ, ಆಮೇಲೆ 1,000–1,500 ಗಾಸ್ ಸಾಕು. ಕೆಡುವುದು ಎಲ್ಲೆಲ್ಲಿ ಎಂಬುದನ್ನೂ ಬರೆಯಿರಿ. ಹುರಿತ ಕಡಿಮೆಯಾದರೆ ಕಣದ ನಡುವೆ ಹೆಮಟೈಟ್ ಹಾಗೇ ಉಳಿಯುತ್ತದೆ. ಬಿಸಿ 570 ಡಿಗ್ರಿ ದಾಟಿ ಅನಿಲದ ಅಪಕರ್ಷಣ ಶಕ್ತಿಯೂ ಹೆಚ್ಚಿದ್ದರೆ ವೂಸ್ಟೈಟ್ ಎಂಬ ಮತ್ತೊಂದು ಆಕ್ಸೈಡ್ ಆಗಿ, ಆಯಸ್ಕಾಂತಕ್ಕೆ ಹಿಡಿಯದೆ ಟೇಲಿಂಗ್ಸ್‌ಗೆ ಹೋಗುತ್ತದೆ. ಬಿಸಿಯಿರುವಾಗಲೇ ಗಾಳಿ ತಗುಲಿದರೆ ಮಾಡಿದ ಮ್ಯಾಗ್ನೆಟೈಟ್ ಮತ್ತೆ ಹಿಂದಕ್ಕೆ ತಿರುಗುತ್ತದೆ. ಇದಕ್ಕೆಲ್ಲ ಮೊದಲು ಒದ್ದೆ ಸ್ಲೈಮ್ ಒಣಗಿಸಬೇಕು, ಆ ಇಂಧನದ ಖರ್ಚು ಬೇರೆ.

ಸಂಸ್ಥೆಯ ವಿಜ್ಞಾನಿಗಳನ್ನು ಸಂಪರ್ಕಿಸಿದಾಗ ಮೊದಲು ಕೇಳಬೇಕಾದದ್ದು, ಮಾದರಿ ಎಲ್ಲಿಂದ ತಂದದ್ದು ಎಂದು. ಹೊಂಡಕ್ಕೆ ಕೊಳವೆ ಸುರಿಯುವ ಕಡೆ ದಪ್ಪ, ಭಾರದ ಕಣಗಳು ಮೊದಲೇ ಕೂರುತ್ತವೆ, ಅಲ್ಲಿ ಕಬ್ಬಿಣ ಹೆಚ್ಚು. ದೂರದ ತುದಿಯಲ್ಲಿ ಬರೀ ಜೇಡಿ. ಕೊಳವೆಯ ಬಾಯಿಯ ಹತ್ತಿರ ಸಲಿಕೆಯಿಂದ ತುಂಬಿದ ಚೀಲ ಪ್ರಯೋಗಶಾಲೆಯಲ್ಲಿ ಸೊಗಸಾದ ಫಲಿತಾಂಶ ಕೊಡುತ್ತದೆ, ಹೊಂಡಕ್ಕೆ ಅದು ಅನ್ವಯಿಸುವುದಿಲ್ಲ. ಹಲವು ಕಡೆ ಆಳದವರೆಗೆ ಕೊರೆದು ತೆಗೆದು, ಬೆರೆಸಿ, ಪಾಲು ಮಾಡಿದ ಮಾದರಿಯೇ ಎಂದು ಖಚಿತಪಡಿಸಿಕೊಳ್ಳಿ.

ಎರಡನೆಯದು ಪ್ರಮಾಣ. 1 ಕೆ.ಜಿ.ಯ ಪ್ರಯೋಗ, ಗಂಟೆಗೆ ನೂರಾರು ಕೆ.ಜಿ. ಓಡಿಸುವ ಪೈಲಟ್ ಪ್ಲಾಂಟ್, ಗಣಿಯಲ್ಲಿ ದಿನವಿಡೀ ನಡೆಯುವ ಘಟಕ, ಇವು ಮೂರನ್ನೂ ನೀವು ‘ಯಶಸ್ವಿ’ ಎಂಬ ಒಂದೇ ಮಾತಿನಲ್ಲಿ ಹೇಳಿದ್ದೀರಿ. ಪ್ರಯೋಗಶಾಲೆಯಲ್ಲಿ ಪ್ರತಿ ಸಲ ಶುದ್ಧ ನೀರು. ಘಟಕದಲ್ಲಿ ಅದೇ ನೀರು ಸುತ್ತುತ್ತಿರುತ್ತದೆ. ಫ್ಲೋಟೇಷನ್‌ಗೆ ಹಾಕಿದ ಅಮೈನ್, ಪಿಷ್ಟ, ಕರಗಿದ ಕ್ಯಾಲ್ಸಿಯಂ ಎಲ್ಲ ಸೇರುತ್ತಾ ಹೋಗಿ ಮೊದಲ ದಿನದ ಫಲಿತಾಂಶ ನಿಲ್ಲುವುದಿಲ್ಲ. ಸತತವಾಗಿ ಎಷ್ಟು ಗಂಟೆ ಓಡಿಸಿದರು ಎಂದು ಕೇಳಿ. ಸಿಕ್ಕ ಸಾಂದ್ರ ಪುಡಿಯೇ ಆದ್ದರಿಂದ ನೇರವಾಗಿ ಕುಲುಮೆಗೆ ಹೋಗದು. ಉಂಡೆಕಟ್ಟಿ 1,250–1,300 ಡಿಗ್ರಿಯಲ್ಲಿ ಸುಟ್ಟು ಪೆಲೆಟ್ ಮಾಡಬೇಕು.

ಪೇಟೆಂಟ್ ವಿಚಾರ ಚಿಕ್ಕದಾಗಿ ಹೇಳುತ್ತೇವೆ. ಅರ್ಜಿ ಹಾಕಿದ್ದು, ಮಂಜೂರಾದದ್ದು, ಶುಲ್ಕ ಕಟ್ಟಿ ಜೀವಂತ ಇಟ್ಟದ್ದು ಬೇರೆ ಬೇರೆ. ‘ತಂತ್ರಜ್ಞಾನ ವರ್ಗಾವಣೆ’ಯೂ ಹಾಗೆಯೇ: ಪರವಾನಗಿಗೆ ಸಹಿಯಾಗಿದೆಯೋ, ಘಟಕ ಕಟ್ಟಿದ್ದಾರೋ, ಉತ್ಪಾದನೆ ನಡೆಯುತ್ತಿದೆಯೋ, ಒಂದನ್ನು ಸ್ಪಷ್ಟವಾಗಿ ಬರೆಯಿರಿ.

ತಪ್ಪುಗಳು ಎರಡು. ಮೊದಲನೆಯದು ಸಂಸ್ಥೆಯ ಆರಂಭ ಮತ್ತು ಹೆಸರಿನದ್ದು: ಅದು 1964ರಲ್ಲಿ ಶುರುವಾದದ್ದು ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯವಾಗಿ. ಈಗಿನ ಹೆಸರು 2007ರದ್ದು. ಎರಡನೆಯದು, ‘ಹೆಮಟೈಟ್ ಸಾಂದ್ರದಲ್ಲಿ ಶೇ 75ರಷ್ಟು ಕಬ್ಬಿಣ’ ಎಂದಿದ್ದೀರಿ. ಅಪ್ಪಟ ಹೆಮಟೈಟ್‌ನಲ್ಲೇ ಇರುವುದು ಶೇ 69.9. ಅದನ್ನು ದಾಟುವುದು ಸಾಧ್ಯವಿಲ್ಲ. ಬಹುಶಃ ಆ ಅಂಕಿ ಇಳುವರಿಯದ್ದು, ಮೂಲ ನೋಡಿ ತಿದ್ದಿ.

ಹೊಸ ಕರಡು 900 ಪದ ಮೀರದಿರಲಿ. ಗಣ್ಯರ ಫೋಟೊ ಬೇಡ. ಅದರ ಬದಲು ಒಳಹೋದದ್ದು, ಸಾಂದ್ರ, ಟೇಲಿಂಗ್ಸ್ ಎಂದು ಮೂರು ಸಾಲಿನ ಕೋಷ್ಟಕ ಮಾಡಿ, ಪ್ರತಿಯೊಂದಕ್ಕೂ ತೂಕ, ಕಬ್ಬಿಣ, ಅಲ್ಯೂಮಿನಾ ತುಂಬಿಸಿ. ಯಾವ ಅಂಕಿಯಾದರೂ ಸಿಗದಿದ್ದರೆ ಆ ಮನೆಯನ್ನು ಖಾಲಿ ಬಿಟ್ಟು, ‘ವರದಿಯಲ್ಲಿ ಕೊಟ್ಟಿಲ್ಲ’ ಎಂದೇ ಬರೆಯಿರಿ. ಅಷ್ಟಾದರೆ ನಾವು ಕೂತು ತಿದ್ದಲು ಸಿದ್ಧ.

ಸಂಪಾದಕ ಮಂಡಳಿ