ಸಂಪಾದಕರ ಉತ್ತರ: ರಾಮನಾಥಪುರದಿಂದ ಜಿನೀವಾಕ್ಕೆ

ಅರಕಲಗೂಡು ತಾಲ್ಲೂಕಿನ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಬಿಎ ಕೊನೆಯ ವರ್ಷ, ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರ. ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ವಿಶ್ವಸಂಸ್ಥೆಯಂಥ ಕಡೆ, ದೇಶದೇಶಗಳ ನಡುವಿನ ನೀತಿಯ ಬಗ್ಗೆ ಕೆಲಸ ಮಾಡಬೇಕೆಂಬ ಆಸೆ ಅವರಿಗೆ. ‘ಅದೆಲ್ಲ ದೊಡ್ಡವರ ಮಕ್ಕಳಿಗೆ, ಬಿಎಡ್ ಮಾಡು ಅಂತಾರೆ ಅಪ್ಪ. ನಮ್ಮಂಥವರು ಎಲ್ಲಿಂದ ಶುರು ಮಾಡೋದು ಸರ್?’ ಎಂದು ಕೇಳಿದ್ದಾರೆ.

ನಿಮ್ಮ ಮನೆಯ ಬೆಳೆಯಿಂದಲೇ ಶುರು ಮಾಡಿ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ, ಕಾರಣ ಇದೆ.

ಜಿನೀವಾದಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ತಂಬಾಕು ನಿಯಂತ್ರಣಕ್ಕೆ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದೆ, ಇಂಗ್ಲಿಷಿನಲ್ಲಿ ಎಫ್‌ಸಿಟಿಸಿ ಎನ್ನುತ್ತಾರೆ. 2003ರಲ್ಲಿ ಒಪ್ಪಿಗೆಯಾಯಿತು, 2005ರ ಫೆಬ್ರುವರಿಯಲ್ಲಿ ಜಾರಿಗೆ ಬಂತು. ಭಾರತ 2004ರಲ್ಲೇ ಸೇರಿತು. ಈಗ 180ಕ್ಕೂ ಹೆಚ್ಚು ಸದಸ್ಯರಿದ್ದಾರೆ. ನಮ್ಮಲ್ಲಿ ಸಿಗರೇಟು ಪ್ಯಾಕಿನ ಮೇಲೆ ಶೇ 85ರಷ್ಟು ಜಾಗವನ್ನು ಎಚ್ಚರಿಕೆಯ ಚಿತ್ರ ತುಂಬಿದೆಯಲ್ಲ, ಅಂಥ ಕ್ರಮಗಳ ಹಿಂದೆ ಈ ಒಪ್ಪಂದವೂ ಇದೆ. ತಂಬಾಕಿನಿಂದ ಜನ ಸಾಯುತ್ತಿದ್ದಾರೆ, ಆದ್ದರಿಂದ ಇದು ಬೇಕಾದ ಒಪ್ಪಂದ. ಅದರಲ್ಲಿ ನನಗೆ ಅನುಮಾನ ಇಲ್ಲ.

ಆದರೆ ಅದರ 17ನೇ ವಿಧಿ ಓದಿ ನೋಡಿ. ತಂಬಾಕು ಬೆಳೆಗಾರರಿಗೆ, ಕೆಲಸಗಾರರಿಗೆ ಬೇರೆ ಬದುಕಿನ ದಾರಿ ಕಟ್ಟಿಕೊಡಲು ದೇಶಗಳು ನೆರವಾಗಬೇಕು ಎನ್ನುತ್ತದೆ. 18ನೇ ವಿಧಿ ಬೆಳೆಗಾರರ ಆರೋಗ್ಯ, ಪರಿಸರದ ಬಗ್ಗೆ. ಒದ್ದೆ ಸೊಪ್ಪು ಮುರಿಯುವವರಿಗೆ ತಲೆ ಸುತ್ತಿ ವಾಂತಿ ಆಗುವುದು, ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್‌ಗೆ ಸುರಿಯುವ ಸೌದೆ, ಎಲ್ಲ ಇದರೊಳಗೆ ಬರುತ್ತದೆ. ನಿಮಗೆ ಇದು ಪಾಠ ಅಲ್ಲ, ದಿನದ ಬದುಕು, ಅಲ್ವಾ?

ಇನ್ನು ನಮ್ಮ ದೇಶದೊಳಗಿನ ಕಥೆ ನೋಡಿ. ಒಪ್ಪಂದದ ಜವಾಬ್ದಾರಿ ಆರೋಗ್ಯ ಸಚಿವಾಲಯದ್ದು. ರಾಮನಾಥಪುರದಲ್ಲಿ ಹರಾಜು ನಡೆಸುವ ತಂಬಾಕು ಮಂಡಳಿ ವಾಣಿಜ್ಯ ಸಚಿವಾಲಯದ ಕೆಳಗೆ. ಬೇರೆ ಬೆಳೆಗೆ ಹೋಗಿ ಎಂದು 2015-16ರಿಂದ ನೆರವಿನ ಯೋಜನೆ ತಂದಿದ್ದು ಕೃಷಿ ಸಚಿವಾಲಯ. ಒಂದೇ ಸೊಪ್ಪು, ಮೂರು ಸಚಿವಾಲಯ. ಒಬ್ಬರು ಕಡಿಮೆ ಮಾಡಿ ಎನ್ನುತ್ತಾರೆ, ಇನ್ನೊಬ್ಬರಿಗೆ ರಫ್ತು ಬೇಕು. ಈ ಎಳೆದಾಟವನ್ನು ಅಂಕಿಅಂಶ ಇಟ್ಟುಕೊಂಡು ಬಿಡಿಸಿ ಹೇಳುವುದೇ ನೀತಿ ಸಂಶೋಧನೆ.

ಒಪ್ಪಂದದ 5.3ನೇ ವಿಧಿ ಇನ್ನೂ ಸೂಕ್ಷ್ಮ. ಆರೋಗ್ಯ ನೀತಿ ಮಾಡುವಾಗ ತಂಬಾಕು ಉದ್ಯಮದ ಹಿತಾಸಕ್ತಿಯನ್ನು ದೂರ ಇಡಿ ಎನ್ನುತ್ತದೆ. ಸರಿಯಾದ ಮಾತು. ಆದರೆ 2016ರ ನವೆಂಬರ್‌ನಲ್ಲಿ ಸದಸ್ಯ ದೇಶಗಳ ಸಭೆ ಗ್ರೇಟರ್ ನೋಯ್ಡಾದಲ್ಲಿ ನಡೆದಾಗ ಬೆಳೆಗಾರರು ಪ್ರತಿಭಟಿಸಿದರು. ಉದ್ಯಮದ ಜೊತೆ ನಮ್ಮನ್ನೂ ದೂರ ಇಟ್ಟರೆ ನಮ್ಮ ಮಾತು ಯಾರು ಕೇಳ್ತಾರೆ ಎಂಬುದು ಅವರ ಪ್ರಶ್ನೆ. ಕಂಪನಿಯ ದನಿ ಯಾವುದು, ಎರಡು ಎಕರೆಯವನ ದನಿ ಯಾವುದು ಎಂದು ಬೇರೆ ಮಾಡಿ ತೋರಿಸುವವರು ಬೇಕು. ಆ ಮನೆಯಲ್ಲಿ ಬೆಳೆದವರಿಗೆ ಅದು ಬೇಗ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ನಿಮ್ಮ ದೊಡ್ಡ ಅರ್ಹತೆ ಅದೇ.

ಓದಿನ ವಿಷಯ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಸಾರ್ವಜನಿಕ ನೀತಿಯ ಎರಡು ವರ್ಷದ ಸ್ನಾತಕೋತ್ತರ ಪದವಿ ಇದೆ. ದೆಹಲಿಯ ಜೆಎನ್‌ಯುನಲ್ಲಿ ಅಂತರರಾಷ್ಟ್ರೀಯ ಅಧ್ಯಯನಕ್ಕೇ ಒಂದು ವಿಭಾಗ ಇದೆ, ಫೀಸೂ ಕಡಿಮೆ. ಪಿಎಚ್‌ಡಿಯ ಆಸೆ ಇದ್ದರೆ ಬೆಂಗಳೂರಿನ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ) ನೋಡಿ, ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಕಟ್ಟಿದ್ದು. ಸಂಖ್ಯಾಶಾಸ್ತ್ರವನ್ನು ಮಾತ್ರ ಬಿಡಬೇಡಿ. ಬೇಕಿದ್ದರೆ ಇವತ್ತೇ ಶುರು ಮಾಡಿ.

ವಿಶ್ವಸಂಸ್ಥೆಯ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಅದರ ಆಡಳಿತ ಕಚೇರಿಯ (ಸೆಕ್ರೆಟೇರಿಯಟ್) ಇಂಟರ್ನ್‌ಶಿಪ್‌ಗೆ ಸಂಬಳ ಇಲ್ಲ. ನ್ಯೂಯಾರ್ಕ್, ಜಿನೀವಾದ ಬಾಡಿಗೆ ಕೈಯಿಂದ ಕಟ್ಟಬೇಕು. ನಿಮ್ಮ ಅಪ್ಪ ‘ದೊಡ್ಡವರ ಮಕ್ಕಳಿಗೆ’ ಅಂದದ್ದರಲ್ಲಿ ಇಷ್ಟು ನಿಜ ಇದೆ, ಇದು ಅನ್ಯಾಯ ಕೂಡ. ವಿಶ್ವಸಂಸ್ಥೆಯ ಕೆಲಸಕ್ಕೆ ಸೇರಲು ಯುವ ವೃತ್ತಿಪರರ ಪರೀಕ್ಷೆ ಅಂತ ಒಂದಿದೆ. ವಯಸ್ಸು 32 ದಾಟಿರಬಾರದು, ಆ ವರ್ಷದ ಪಟ್ಟಿಯಲ್ಲಿ ನಮ್ಮ ದೇಶ ಇರಬೇಕು. ಸ್ಪರ್ಧೆ ತುಂಬಾ ಜಾಸ್ತಿ. ಅದೊಂದನ್ನೇ ನಂಬಿ ಕೂರಬೇಡಿ. ವಿಶ್ವಸಂಸ್ಥೆಯ ಸ್ವಯಂಸೇವಕರ ವಿಭಾಗದಲ್ಲಿ ಮನೆಯಿಂದಲೇ ಆನ್‌ಲೈನ್‌ನಲ್ಲಿ ಮಾಡುವ ಕೆಲಸಗಳಿವೆ. ದುಡ್ಡು ಬರಲ್ಲ, ಆದರೆ ಊರು ಬಿಟ್ಟು ಖರ್ಚು ಮಾಡಬೇಕಾಗಿಲ್ಲ, ಅನುಭವ ಸಿಗುತ್ತದೆ. ಸಂಬಳ ಬೇಕೆಂದರೆ ಬೆಂಗಳೂರು, ದೆಹಲಿಯ ಸಂಶೋಧನಾ ಸಂಸ್ಥೆಗಳಲ್ಲಿ ಸಂಶೋಧನಾ ಸಹಾಯಕರಾಗಿ ಸೇರುವುದು ಒಳ್ಳೆಯದು. ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೂ ಎರಡು ವರ್ಷದ ಕೆಲಸದ ಅನುಭವ ಬೇಕು. ಆಗ ಈ ವರ್ಷಗಳು ಲೆಕ್ಕಕ್ಕೆ ಬರುತ್ತವೆ.

ಇಂಗ್ಲಿಷಿನ ಭಯ ಇದೆ ಎಂದೂ ಬರೆದಿದ್ದೀರಿ. ಒಪ್ಪಂದದ ಪಠ್ಯವನ್ನೇ ದಿನಕ್ಕೆ ಒಂದು ಪುಟ ಓದಿ, ಅರ್ಥವಾದದ್ದನ್ನು ಕನ್ನಡದಲ್ಲಿ ಬರೆದಿಡಿ. ಆ ಕೆಲಸಕ್ಕೆ ಬೇಕಾದ ಇಂಗ್ಲಿಷು ಮೊದಲು ಬರುತ್ತದೆ. ಬಿಎಡ್ ಮಾಡಿದರೂ ಈ ಅಭ್ಯಾಸ ನಿಲ್ಲಿಸಬೇಡಿ. ಮೇಷ್ಟ್ರ ಕೆಲಸ ಮಾಡುತ್ತಲೇ ಸಂಶೋಧನೆಗೆ ಹೋದವರು ನಮ್ಮಲ್ಲಿ ಇದ್ದಾರೆ.

ಈ ಹಂಗಾಮಿನಲ್ಲಿ ನಿಮ್ಮೂರಿನ ಹತ್ತು ಮನೆಗೆ ಹೋಗಿ. ಒಂದು ಬ್ಯಾರನ್ ಸೊಪ್ಪು ಬೇಯಿಸಲು ಸೌದೆ ಎಷ್ಟು, ಕೂಲಿ ಎಷ್ಟು, ಕೈಗೆ ಉಳಿದದ್ದು ಎಷ್ಟು ಎಂದು ಕೇಳಿ. ಹೊಗೆಸೊಪ್ಪು ಬಿಟ್ಟು ಶುಂಠಿಗೋ ಜೋಳಕ್ಕೋ ಹೋದವರು ಇದ್ದರೆ ಅವರ ಲೆಕ್ಕವನ್ನೂ ಬರೆದುಕೊಳ್ಳಿ, ಬಿಟ್ಟು ಮತ್ತೆ ವಾಪಸ್ ಬಂದವರನ್ನಂತೂ ತಪ್ಪಿಸಬೇಡಿ. ಅದನ್ನು 17ನೇ ವಿಧಿಯ ಪಕ್ಕ ಇಟ್ಟು ಒಂದು ಲೇಖನ ಮಾಡಿ ನಮಗೆ ಕಳಿಸಿ. ಮನೆಯವರ ಹೆಸರು ಹಾಕಬೇಡಿ, ಲೆಕ್ಕ ಸಾಕು. ತಿದ್ದಿ ಪ್ರಕಟಿಸುವುದು ನನ್ನ ಜವಾಬ್ದಾರಿ.