ಇತ್ತೀಚೆಗೆ ಓದಿದ ಕತೆ, ಕಾದಂಬರಿಗಳಲ್ಲಿ ಯಾವುದು ನಿಜಕ್ಕೂ ಹಿಡಿಸಿತು, ಯಾವುದು ಹಿಡಿಸಲಿಲ್ಲ?

ಎಲ್ಲರೂ ಎಲ್ಲ ಪುಸ್ತಕವನ್ನೂ ಹೊಗಳುತ್ತಾರೆ, ಯಾರನ್ನು ನಂಬುವುದೋ ಗೊತ್ತಾಗುತ್ತಿಲ್ಲ, ಪತ್ತೇದಾರಿಯಿಂದ ಹಿಡಿದು ಸಾಮಾಜಿಕದವರೆಗೆ ಈಚೆಗೆ ಓದಿದ್ದರ ಬಗ್ಗೆ ಇದ್ದದ್ದು ಇದ್ದ ಹಾಗೆ ಹೇಳಿ ಅಂತ ಕೇಳಿದ್ದೀರಿ. ಕಳೆದ ಕೆಲವು ತಿಂಗಳಲ್ಲಿ ನಾನು ಏಳು ಪುಸ್ತಕ ಓದಿದೆ. ಕೆಲವು ಹೊಸವು, ಕೆಲವು ಬಹಳ ಹಳೆಯವು. ಯಾವುದರ ಕೊನೆಯನ್ನೂ ಇಲ್ಲಿ ಬಿಟ್ಟುಕೊಡುವುದಿಲ್ಲ, ಧೈರ್ಯವಾಗಿ ಓದಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇವನ್ನು ಒಂದರ ಹಿಂದೆ ಒಂದು ಓದಿದಾಗ ನನ್ನ ಗಮನ ಒಂದೇ ಕಡೆ ಹೋಗುತ್ತಿತ್ತು. ಕತೆ ಹೇಳುವವರು ನಮ್ಮಿಂದ ಏನನ್ನು ಬಚ್ಚಿಡುತ್ತಾರೆ? ಯಾಕೆ ಬಚ್ಚಿಡುತ್ತಾರೆ? ಸುಮ್ನೆ ಕುತೂಹಲ ಕೆರಳಿಸಲು ಬಚ್ಚಿಟ್ಟರೆ ಮುಗಿದ ಮೇಲೆ ಏನೂ ಉಳಿಯುವುದಿಲ್ಲ. ಹೇಳಲು ಆಗದೇ ಬಚ್ಚಿಟ್ಟರೆ ಅದು ವಾರಗಟ್ಟಲೆ ಕಾಡುತ್ತದೆ. ನನ್ನ ಇಷ್ಟಾನಿಷ್ಟಗಳೆಲ್ಲ ಈ ಒಂದು ಅಳತೆಯಿಂದಲೇ ಬಂದಿವೆ. ನಿಮ್ಮ ಅಳತೆ ಬೇರೆ ಇದ್ದರೆ ನಿಮಗೆ ಬೇರೆ ಪುಸ್ತಕಗಳು ಹಿಡಿಸಬಹುದು.

ಪತ್ತೇದಾರಿಯಲ್ಲಿ ಓದಿದ್ದು ಅಗಾಥಾ ಕ್ರಿಸ್ಟಿಯವರ 'ಆಂಡ್ ದೆನ್ ದೇರ್ ವರ್ ನನ್'. 1939ರ ಪುಸ್ತಕ. ಒಂದು ದ್ವೀಪದ ಮನೆಗೆ ಎಂಟು ಜನ ಅತಿಥಿಗಳು ಬರುತ್ತಾರೆ. ಅಲ್ಲಿ ಕೆಲಸಕ್ಕಿರುವ ಗಂಡ ಹೆಂಡತಿ ಸೇರಿ ಹತ್ತು ಜನ. ಮೊದಲ ರಾತ್ರಿಯೇ ಗ್ರಾಮಫೋನಿನಲ್ಲಿ ಒಂದು ದನಿ ಹತ್ತೂ ಜನರ ಮೇಲೆ ಒಂದೊಂದು ಸಾವಿನ ಆರೋಪ ಹೊರಿಸುತ್ತದೆ. ಆಮೇಲೆ ಒಬ್ಬೊಬ್ಬರೇ ಸಾಯುತ್ತಾರೆ. ನನಗೆ ನಿಜಕ್ಕೂ ಬೆರಗಾಗಿದ್ದು ಮೊದಲ ಅಧ್ಯಾಯದಲ್ಲಿ. ದ್ವೀಪಕ್ಕೆ ಹೊರಟ ಎಂಟೂ ಜನರ ಮನಸ್ಸಿನೊಳಗೆ ಕ್ರಿಸ್ಟಿ ನಮ್ಮನ್ನು ಕರೆದುಕೊಂಡು ಹೋಗುತ್ತಾರೆ. ಅವರವರ ಯೋಚನೆಗಳನ್ನೇ ನಮಗೆ ಕೇಳಿಸುತ್ತಾರೆ. ಪೂರ್ತಿ ಓದಿ ಮತ್ತೆ ಆ ಅಧ್ಯಾಯಕ್ಕೆ ಹೋದೆ. ಒಂದು ವಾಕ್ಯವೂ ಸುಳ್ಳಲ್ಲ! ಎಲ್ಲವೂ ಕಣ್ಣೆದುರೇ ಇತ್ತು.

ಆದರೆ ಪುಸ್ತಕ ಮುಚ್ಚಿದ ಮೇಲೆ ಆ ಹತ್ತು ಜನರಲ್ಲಿ ಒಬ್ಬರು ಮಾತ್ರ ನನ್ನ ಜೊತೆ ಉಳಿದರು. ಮಗುವೊಂದನ್ನು ನೋಡಿಕೊಳ್ಳುತ್ತಿದ್ದ ವೆರಾ. ಸಮುದ್ರ ಕಂಡಾಗಲೆಲ್ಲ ಅವಳಿಗೆ ಆ ಮಗುವಿನ ನೆನಪು ಬರುತ್ತದೆ. ಉಳಿದವರು ಚದುರಂಗದ ಕಾಯಿಗಳ ಹಾಗೆ ಬಂದು ಹೋಗುತ್ತಾರೆ. ಜಾಣ್ಮೆಗೆ ತಲೆಬಾಗಿದೆ, ಆದರೆ ಯಾರ ಸಾವಿಗೂ ಮರುಗಲಿಲ್ಲ.

ವಿಜ್ಞಾನ ಕಾದಂಬರಿ ಅಂದರೆ ಆಂಡಿ ವಿಯರ್ ಅವರ 'ಪ್ರಾಜೆಕ್ಟ್ ಹೇಲ್ ಮೇರಿ', 2021ರದ್ದು. ಒಬ್ಬ ಮನುಷ್ಯನಿಗೆ ಎಚ್ಚರವಾಗುತ್ತದೆ. ತಾನು ಯಾರು, ಎಲ್ಲಿದ್ದೇನೆ, ಏನೂ ನೆನಪಿಲ್ಲ. ಪಕ್ಕದಲ್ಲಿ ಎರಡು ಹೆಣ. ವಸ್ತುಗಳನ್ನು ಬೀಳಿಸಿ, ಎಷ್ಟು ಬೇಗ ಬೀಳುತ್ತವೆ ಅಂತ ಅಳೆದು, ಇಲ್ಲಿನ ಸೆಳೆತ ಭೂಮಿಯದ್ದಲ್ಲ ಎಂದು ಕಂಡುಕೊಳ್ಳುತ್ತಾನೆ. ಈ ಭಾಗ ಓದುವಾಗ ಮೇಷ್ಟ್ರು ಪಾಠ ಮಾಡುವ ಬದಲು ಲ್ಯಾಬಿನೊಳಗೆ ಕೈಹಿಡಿದು ಕರೆದುಕೊಂಡು ಹೋದ ಹಾಗಿತ್ತು. ಮುಂದೆ ಅವನಿಗೆ ಬೇರೆ ಲೋಕದ ಜೀವಿಯೊಂದು ಸಿಗುತ್ತದೆ. ಅದಕ್ಕೆ ಕಣ್ಣಿಲ್ಲ. ಅದು ಉಸಿರಾಡುವ ಗಾಳಿ ಇವನಿಗೆ ವಿಷ. ಅದರ ಮಾತು ಸಂಗೀತದ ಸ್ವರಗಳ ಹಾಗೆ. ಅದು ಎಣಿಸುವುದು ಆರರ ಲೆಕ್ಕದಲ್ಲಿ, ನಮ್ಮ ಹಾಗೆ ಹತ್ತರ ಲೆಕ್ಕದಲ್ಲಲ್ಲ. ಇಬ್ಬರೂ ಒಂದೊಂದೇ ಪದ ಕಲಿತು ಗೆಳೆಯರಾಗುವ ಪುಟಗಳನ್ನು ನಾನು ಎರಡು ಸಲ ಓದಿದೆ. ಇಷ್ಟು ಶುದ್ಧವಾದ ಗೆಳೆತನವನ್ನು ಕತೆಗಳಲ್ಲಿ ಕಂಡು ಬಹಳ ದಿನವಾಗಿತ್ತು.

ತೊಂದರೆ ಇರುವುದು ಆ ನೆನಪಿನ ವಿಷಯದಲ್ಲಿ. ಕತೆಗೆ ಯಾವಾಗ ಯಾವ ಮಾಹಿತಿ ಬೇಕೋ ಸರಿಯಾಗಿ ಆಗಲೇ ಅವನಿಗೆ ಅದು ನೆನಪಾಗುತ್ತದೆ. ಒಂದೆರಡು ಸಲ ಆದರೆ ಸರಿ. ಪುಸ್ತಕ ಪೂರ್ತಿ ಹೀಗೇ ಆದರೆ ಬಚ್ಚಿಡುತ್ತಿರುವುದು ಅವನ ಮೆದುಳಲ್ಲ, ಲೇಖಕರು ಅಂತ ಅನಿಸತೊಡಗುತ್ತದೆ. ಭೂಮಿಯ ಮೇಲಿನ ಮನುಷ್ಯರ ಮಾತುಕತೆಯೂ ತೆಳುವಾಗಿದೆ. ಆದರೂ ಓದುವ ಅಭ್ಯಾಸ ತಪ್ಪಿದವರಿಗೆ ನಾನು ಇದನ್ನೇ ಕೊಡುತ್ತೇನೆ. ಕೆಳಗಿಡಲು ಬಿಡುವುದಿಲ್ಲ.

ಈಗ ನನಗೆ ತುಂಬಾ ಹತ್ತಿರವಾದ ಪುಸ್ತಕ. ಶರ್ಲಿ ಜಾಕ್ಸನ್ ಅವರ 'ದಿ ಹಾಂಟಿಂಗ್ ಆಫ್ ಹಿಲ್ ಹೌಸ್', 1959ರಲ್ಲಿ ಬಂದದ್ದು. ದೆವ್ವದ ಮನೆಯ ಕತೆ ಅಂತ ಎಲ್ಲ ಕಡೆ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡು ಶುರು ಮಾಡಿದೆ. ಎಲೆನರ್ ಎಂಬ ಹೆಂಗಸು ಕಾಯಿಲೆಯ ತಾಯಿಯನ್ನು 11 ವರ್ಷ ನೋಡಿಕೊಂಡಿದ್ದಾಳೆ. ತಾಯಿ ತೀರಿಹೋಗಿದ್ದಾಳೆ. ಈಗ ಅವಳಿಗೆ ತನ್ನದು ಅನ್ನುವ ಮನೆಯೇ ಇಲ್ಲ. ಹಳೆಯ ಮನೆಯೊಂದರಲ್ಲಿ ವಿಚಿತ್ರ ಘಟನೆಗಳನ್ನು ಪರೀಕ್ಷಿಸಲು ಒಬ್ಬ ಡಾಕ್ಟರ್ ಕರೆದಾಗ ಹೇಳದೆ ಕೇಳದೆ ಕಾರು ತೆಗೆದುಕೊಂಡು ಹೊರಟುಬಿಡುತ್ತಾಳೆ.

ದಾರಿಯಲ್ಲಿ ಒಂದು ಹೋಟೆಲ್. ಅಲ್ಲಿ ಒಂದು ಪುಟ್ಟ ಹುಡುಗಿ ಹಾಲು ಕುಡಿಯಲು ಒಲ್ಲೆ ಅನ್ನುತ್ತಿರುತ್ತದೆ. ತಳದಲ್ಲಿ ನಕ್ಷತ್ರಗಳಿರುವ ತನ್ನ ಬಟ್ಟಲೇ ಬೇಕು ಅಂತ ಹಟ. ಎಲೆನರ್ ದೂರದಿಂದಲೇ ಮನಸ್ಸಿನಲ್ಲಿ ಬೇಡಿಕೊಳ್ಳುತ್ತಾಳೆ, ಬಿಡಬೇಡ ಮಗು, ಒಮ್ಮೆ ಒಪ್ಪಿಕೊಂಡರೆ ಆ ಬಟ್ಟಲು ನಿನಗೆ ಮತ್ತೆಂದೂ ಸಿಗುವುದಿಲ್ಲ ಎಂದು. ಮುಂದೆ ಆ ಮನೆಯಲ್ಲಿ ಹೊಸ ಗೆಳತಿ ಸಿಕ್ಕಾಗ ಎಲೆನರ್ ಹೇಳುತ್ತಾಳೆ, ನನ್ನ ಮನೆಯಲ್ಲಿ ನಕ್ಷತ್ರಗಳ ಬಟ್ಟಲು ಇದೆ ಅಂತ. ಅವಳಿಗೆ ಮನೆಯೇ ಇಲ್ಲ. ನಮಗೆ ಅದು ಗೊತ್ತು. ಆ ಸುಳ್ಳನ್ನು ಓದಿ ನನಗೆ ಗಂಟಲು ಕಟ್ಟಿತು.

ಭಯ ಇಲ್ಲ ಅಂತಲ್ಲ. ರಾತ್ರಿ ಬಾಗಿಲುಗಳನ್ನು ಯಾರೋ ಬಡಿಯುತ್ತಾ ಬರುವ ಭಾಗವಿದೆ. ಕತ್ತಲಲ್ಲಿ ಎಲೆನರ್ ಪಕ್ಕದವಳ ಕೈಯನ್ನು ಬಿಗಿಯಾಗಿ ಹಿಡಿದು ಮಲಗಿರುವ ಭಾಗವಿದೆ. ಅದರ ಬಗ್ಗೆ ಜಾಸ್ತಿ ಹೇಳಲಾರೆ. ಆದರೆ ಮನೆಯಲ್ಲಿ ಏನಿದೆ ಎಂದು ಜಾಕ್ಸನ್ ಒಮ್ಮೆಯೂ ತೋರಿಸುವುದಿಲ್ಲ. ದೆವ್ವ ಮನೆಯಲ್ಲಿದೆಯೋ, ಒಂಟಿಯಾಗಿ ಬದುಕಿದ ಈ ಹೆಂಗಸಿನ ಒಳಗಿದೆಯೋ, ಗೊತ್ತಾಗುವುದಿಲ್ಲ. ತೋರಿಸಿದ್ದರೆ ನಾನು ಅಂದೇ ಮರೆಯುತ್ತಿದ್ದೆ. ಭಯದ ಕತೆ ನಮಗಲ್ಲ ಅಂದುಕೊಂಡವರು ಕೂಡ ಇದನ್ನು ದಯವಿಟ್ಟು ಓದಿ.

ನನಗೆ ಹಿಡಿಸದ ಪುಸ್ತಕವೂ ಒಂದಿದೆ. ಸಮಂತಾ ಹಾರ್ವಿ ಅವರ 'ಆರ್ಬಿಟಲ್'. 2024ರ ಬುಕರ್ ಪ್ರಶಸ್ತಿ ಇದಕ್ಕೇ ಬಂತು. ಬಾಹ್ಯಾಕಾಶ ನಿಲ್ದಾಣದಲ್ಲಿ ಆರು ಜನ, ಒಂದು ದಿನ, ಭೂಮಿಗೆ 16 ಸುತ್ತು. ವಾಕ್ಯಗಳು ಬಹಳ ಸುಂದರ. ತೊಂದರೆಯೂ ಅದೇ. ಪ್ರತಿ ಪುಟದಲ್ಲೂ ಭೂಮಿಯ ಬೆಳಕು, ಮೋಡ, ಕಡಲು. ಅರ್ಧಕ್ಕೆ ಬರುವಷ್ಟರಲ್ಲಿ ಆರು ಜನರಲ್ಲಿ ಯಾರು ಯಾರೆಂದು ಕಲಸಿಹೋಯಿತು. ಒಬ್ಬಳ ತಾಯಿ ಕೆಳಗೆ ಭೂಮಿಯಲ್ಲಿ ತೀರಿಹೋಗಿದ್ದಾಳೆ, ಮಗಳು ಮೇಲೆ ಸುತ್ತುತ್ತಿದ್ದಾಳೆ. ಎಂಥ ಕತೆ ಅದು! ಅವಳ ಜೊತೆ ಇನ್ನಷ್ಟು ಹೊತ್ತು ಕೂರೋಣ ಅಂದರೆ ಪುಸ್ತಕ ಮತ್ತೆ ಕಿಟಕಿಯ ಕಡೆ ತಿರುಗುತ್ತದೆ. ಆಮೇಲೆ ದಿನಕ್ಕೆ ಒಂದು ಸುತ್ತಿನ ಲೆಕ್ಕದಲ್ಲಿ ನಿಧಾನವಾಗಿ ಓದಿ ಮುಗಿಸಿದೆ. ಹಾಗೆ ಓದಿದಾಗ ಸ್ವಲ್ಪ ಹಿಡಿಸಿತು. ಪ್ರಶಸ್ತಿ ಬಂದಿದೆ ಅಂತ ಒಂದೇ ಸಮನೆ ಓದಲು ಹೋದರೆ ಸುಸ್ತಾಗುತ್ತದೆ.

ಬಾನು ಮುಷ್ತಾಕ್ ಅವರ ಕತೆಗಳ ಬಗ್ಗೆ ಹೇಳದಿದ್ದರೆ ನೀವೇ ಕೇಳುತ್ತೀರಿ. 'ಹಾರ್ಟ್ ಲ್ಯಾಂಪ್' ಎಂಬ ಹೆಸರಿನಲ್ಲಿ ದೀಪಾ ಭಾಸ್ತಿ ಅನುವಾದಿಸಿದ ಅವರ 12 ಕತೆಗಳಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂತು. ಕನ್ನಡದ ಪುಸ್ತಕಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಈ ಕತೆಗಳಲ್ಲಿ ನನಗೆ ಮರೆಯಲಾಗದ್ದು 'ಎದೆಯ ಹಣತೆ'. ಗಂಡನಿಂದ ನೊಂದು ಕೂಸನ್ನೆತ್ತಿಕೊಂಡು ತವರಿಗೆ ಬಂದವಳನ್ನು ಮನೆಯವರೇ ವಾಪಸ್ ಕಳಿಸುತ್ತಾರೆ. ನಿನಗೇನು ಬೇಕು ಅಂತ ಕೇಳುವವರಿಲ್ಲ. ವಾಪಸ್ ಕರೆದುಕೊಂಡು ಹೋದ ಗಂಡನ ಮನೆಯಲ್ಲಿ ಎಲ್ಲರೂ ಮಾತಾಡುತ್ತಾರೆ, ಆದರೆ ನಡೆದ ವಿಷಯವೊಂದನ್ನು ಬಿಟ್ಟು. ಆ ಮೌನ ತಡೆಯಲಾಗದು.

ಎಲ್ಲ ಕತೆಗಳೂ ಅದೇ ಮಟ್ಟದಲ್ಲಿಲ್ಲ. ಕೆಲವು ಕಡೆ ಲೇಖಕಿಯ ಸಿಟ್ಟು ಪಾತ್ರದ ಬಾಯಿಂದ ನೇರವಾಗಿ ಬಂದುಬಿಡುತ್ತದೆ. ನಮಗೆ ಆಗಲೇ ಅರ್ಥವಾಗಿದ್ದನ್ನು ಮತ್ತೊಮ್ಮೆ ಹೇಳಿದ ಹಾಗಾಗುತ್ತದೆ. ಆದರೆ 'ಒಮ್ಮೆ ಹೆಣ್ಣಾಗು ಪ್ರಭುವೇ' ಕತೆಯಲ್ಲಿ ಅದೇ ನೇರ ಮಾತು ಪ್ರಾರ್ಥನೆಯಾಗಿದೆ. ಅಲ್ಲಿ ಬಚ್ಚಿಡುವುದಕ್ಕೆ ಏನೂ ಉಳಿದಿಲ್ಲ, ಅದಕ್ಕೇ ಅದು ಅಷ್ಟು ಚೆನ್ನಾಗಿದೆ. ನನ್ನ ಅಳತೆ ಅಲ್ಲಿ ಕೆಲಸ ಮಾಡಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಕ್ಲೇರ್ ಕೀಗನ್ ಅವರ 'ಸ್ಮಾಲ್ ಥಿಂಗ್ಸ್ ಲೈಕ್ ದೀಸ್' ತುಂಬಾ ಚಿಕ್ಕದು, ಒಂದು ಸಂಜೆಯಲ್ಲಿ ಮುಗಿಯುತ್ತದೆ. 1985ರ ಐರ್ಲೆಂಡ್, ಕ್ರಿಸ್‌ಮಸ್ ಹತ್ತಿರ. ಕಲ್ಲಿದ್ದಲು ಮಾರುವ ಫರ್ಲಾಂಗ್‌ಗೆ ಐದು ಹೆಣ್ಣುಮಕ್ಕಳು. ಕ್ರೈಸ್ತ ಸನ್ಯಾಸಿನಿಯರ ಕಾನ್ವೆಂಟಿಗೆ ಕಲ್ಲಿದ್ದಲು ಹಾಕಲು ಹೋದಾಗ ಅಲ್ಲಿನ ಶೆಡ್ಡಿನಲ್ಲಿ ಕೂಡಿಹಾಕಿದ ಒಬ್ಬ ಹುಡುಗಿಯನ್ನು ನೋಡುತ್ತಾನೆ. ಇಲ್ಲಿ ಗುಟ್ಟು ಯಾರಿಂದಲೂ ಮುಚ್ಚಿಟ್ಟದ್ದಲ್ಲ. ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಹೆಂಡತಿ ಕೂಡ ನಮಗ್ಯಾಕೆ ಅನ್ನುತ್ತಾಳೆ. ಅವಳು ಕೆಟ್ಟವಳಲ್ಲ, ಐದು ಮಕ್ಕಳ ತಾಯಿ, ಹೆದರಿದ್ದಾಳೆ ಅಷ್ಟೇ. ಇಂಥ ಜಾಗಗಳು ಐರ್ಲೆಂಡಿನಲ್ಲಿ ನಿಜಕ್ಕೂ ಇದ್ದವು. ಹುಡುಗಿಯರನ್ನು ಕೂಡಿಹಾಕಿ ಬಟ್ಟೆ ಒಗೆಸುತ್ತಿದ್ದ ಈ ಜಾಗಗಳನ್ನು ಮ್ಯಾಗ್ಡಲೀನ್ ಲಾಂಡ್ರಿ ಅನ್ನುತ್ತಿದ್ದರು. ಕೊನೆಯದು ಮುಚ್ಚಿದ್ದು 1996ರಲ್ಲಿ, ಸರ್ಕಾರ ಕ್ಷಮೆ ಕೇಳಿದ್ದು 2013ರಲ್ಲಿ. ಫರ್ಲಾಂಗ್ ಏನು ಮಾಡುತ್ತಾನೆ ಅನ್ನುವುದಕ್ಕಿಂತ ಮಾಡುವ ಮುಂಚೆ ಎಷ್ಟು ಸುತ್ತು ನಡೆಯುತ್ತಾನೆ ಅನ್ನುವುದೇ ನನ್ನನ್ನು ಹಿಡಿದಿಟ್ಟಿತು. ಇದರಲ್ಲಿ ತೆಗೆಯಬೇಕಾದ ವಾಕ್ಯ ನನಗೆ ಒಂದೂ ಸಿಗಲಿಲ್ಲ.

ಕೊನೆಯದಾಗಿ ವಿವೇಕ ಶಾನಭಾಗರ 'ಘಾಚರ್ ಘೋಚರ್'. ಬಹಳ ಜನ ಓದಿರುತ್ತಾರೆ. ನಾನು ಮುಂಚೆ ಒಮ್ಮೆ ಓದಿದ್ದೆ, ಕತೆ ಗೊತ್ತು ಅನ್ನುವ ಭಾವದಲ್ಲಿದ್ದೆ. ಈ ಸಲ ಓದಿದಾಗ ಮುಂಚೆ ಏನೂ ಓದಿರಲಿಲ್ಲ ಅನಿಸಿತು. ಹೆಸರಿಲ್ಲದ ನಿರೂಪಕ ಕಾಫಿ ಹೌಸ್‌ನಲ್ಲಿ ಕೂತಿದ್ದಾನೆ. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಮನೆಗೆ ದುಡ್ಡು ಬಂದದ್ದು, ಹಳೆಯ ಮನೆಯ ಇರುವೆಗಳು, ಮದುವೆ, ಹೆಂಡತಿ ಅನಿತಾ, ಎಲ್ಲವನ್ನೂ ಸಮಾಧಾನದಿಂದ ಹೇಳುತ್ತಾನೆ. ಎಷ್ಟು ಸಮಾಧಾನ ಅಂದರೆ ನಾವೂ ಅವನ ಮನೆಯವರಾಗಿಬಿಡುತ್ತೇವೆ. ಒಂದು ದಿನ ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬರುತ್ತಾಳೆ. ಪ್ರೀತಿಯಿಂದ ಅಡುಗೆ ಮಾಡಿಕೊಂಡು ತಂದಿದ್ದಾಳೆ. ಅವಳನ್ನು ಮನೆಯವರು ಬೈದು ಅಟ್ಟುತ್ತಾರೆ. ಇವನು ಸುಮ್ಮನೆ ನಿಂತಿರುತ್ತಾನೆ. ಮೊದಲ ಸಲ ಓದಿದಾಗ ಇವನ ಮೌನ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅದೇ ನನ್ನನ್ನು ಹೆದರಿಸಿತು.

ಶೀರ್ಷಿಕೆಯ ಮಾತು ಯಾವ ಭಾಷೆಯಲ್ಲೂ ಇಲ್ಲ. ಅನಿತಾಳ ತವರಿನಲ್ಲಿ ಹುಟ್ಟಿದ್ದು, ಬಿಡಿಸಲಾಗದ ಸಿಕ್ಕಿಗೆ ಅವರಿಟ್ಟ ಹೆಸರು. ಹೊಸದಾಗಿ ಮದುವೆಯಾದ ಗಂಡನಿಗೆ ಅವಳು ಅದನ್ನು ಹೇಳಿಕೊಡುತ್ತಾಳೆ. ತನ್ನ ಬಾಲ್ಯದ ಗುಟ್ಟನ್ನೇ ಕೊಟ್ಟ ಹಾಗೆ. ಅವನು ಆ ಮಾತನ್ನು ಇಟ್ಟುಕೊಂಡ, ಅವಳನ್ನು? ಈ ಪ್ರಶ್ನೆ ಈಗಲೂ ನನ್ನ ತಲೆಯಲ್ಲಿದೆ. ಅವನಿಗೆ ಎಷ್ಟು ಗೊತ್ತು, ಗೊತ್ತಿದ್ದೂ ಎಷ್ಟನ್ನು ತನ್ನಿಂದಲೇ ಬಚ್ಚಿಡುತ್ತಿದ್ದಾನೆ?

ಎಲ್ಲಿಂದ ಶುರು ಮಾಡುವುದು ಅಂತಿದ್ದರೆ ಕೀಗನ್ ಅವರಿಂದ ಶುರು ಮಾಡಿ, ಆಮೇಲೆ ಶಾನಭಾಗರು. ಎರಡೂ ಚಿಕ್ಕವು. 'ಘಾಚರ್ ಘೋಚರ್' ಮುಗಿಸಿದ ಮೇಲೆ ದಯವಿಟ್ಟು ನನಗೆ ಒಂದು ಸಾಲು ಬರೆಯಿರಿ. ಕಾಫಿ ಹೌಸ್‌ನ ವೇಟರ್ ವಿನ್ಸೆಂಟ್‌ಗೆ ಎಲ್ಲ ಗೊತ್ತಿದೆ ಅಂತ ನನಗೆ ಅನಿಸುತ್ತದೆ. ನಿಮಗೆ ಏನನಿಸಿತು ಅಂತ ತಿಳಿಯುವ ಆಸೆ ಇದೆ.